ಶುಗರ್ ಇದ್ದವರ ಕೆಮ್ಮನ್ನು ಯಾರು ಕೇಳುತ್ತಾರೆ ಸ್ವಾಮಿ?

ಎಲ್ಲರಿಗೂ ನಮಸ್ಕಾರ. ಇವತ್ತು ಸಿರಿಧಾನ್ಯದ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟೂ ರೆಡಿ ಇತ್ತು. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಯಾಕೆ ಅಂದರೆ, ಹೋದ ವಿಡಿಯೊ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಸಾರ್, ಶುಗರ್ ವಿಡಿಯೊದಲ್ಲಿ ಟಿಬಿ ಯಾಕೆ ತರುತ್ತೀರಿ? ಅದು ಬಡವರ ಕಾಯಿಲೆ. ನಮ್ಮಂಥವರಿಗೆ ಅದೆಲ್ಲಿ ಬರುತ್ತೆ?" ಅದಕ್ಕೆ ಲೈಕ್ ಬೇರೆ!

ಕೇಳಿ ಸ್ವಾಮಿ. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಇಲ್ಲದವರಿಗಿಂತ ಎರಡರಿಂದ ಮೂರು ಪಟ್ಟು ಜಾಸ್ತಿ. ಟಿಬಿ ಕ್ರಿಮಿ ಗಾಳಿಯಲ್ಲಿ ಬರುತ್ತದೆ. ನೀವು ಎಸಿ ಆಫೀಸಿನಲ್ಲಿ ಕೂತರೂ ಅಲ್ಲಿ ಉಸಿರಾಡಲೇಬೇಕು ಅಲ್ವಾ? 2019ರಿಂದ 2021ರವರೆಗೆ ದೇಶದಾದ್ಯಂತ ಒಂದು ಸಮೀಕ್ಷೆ ನಡೆಯಿತು. 15 ವರ್ಷ ಮೇಲ್ಪಟ್ಟವರಲ್ಲಿ ಸುಮಾರು 31% ಜನರಿಗೆ ಈ ಕ್ರಿಮಿ ಸೋಕಿದೆ ಅಂತ ಗೊತ್ತಾಯಿತು. ಹೆಚ್ಚಿನವರಲ್ಲಿ ಅದು ಒಳಗೇ ಮಲಗಿರುತ್ತದೆ, ಕಾಯಿಲೆ ಆಗುವುದಿಲ್ಲ. ಶುಗರ್ ವರ್ಷಗಟ್ಟಲೆ ಏರಿಯೇ ಇದ್ದರೆ ಅದನ್ನು ಹಿಡಿದಿಡುವ ಬಿಳಿ ರಕ್ತಕಣಗಳು ಮಂದವಾಗುತ್ತವೆ. ಕಾವಲುಗಾರನೇ ಗೊರಕೆ ಹೊಡೆದರೆ ಕಳ್ಳನಿಗೆ ಇನ್ನೇನು ಬೇಕು?

ನಮ್ಮ ದೇಶದಲ್ಲಿ ಶುಗರ್ ಇರುವವರು 10 ಕೋಟಿ ದಾಟಿದ್ದಾರೆ. 2023ರಲ್ಲಿ ಐಸಿಎಂಆರ್, ಅಂದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಹೇಳಿದ ಲೆಕ್ಕ ಇದು. ಜಗತ್ತಿನ ಟಿಬಿ ರೋಗಿಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಜನ ಇರುವುದೂ ನಮ್ಮಲ್ಲೇ. ಎರಡೂ ಒಂದೇ ಮನೆಯಲ್ಲಿ ಕೂತಿವೆ. ಆದರೂ ಶುಗರ್ ಕ್ಲಿನಿಕ್ಕಿಗೆ ಹೋಗಿ ನೋಡಿ. ಪಾದ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಕಿಡ್ನಿ ರಿಪೋರ್ಟ್ ನೋಡುತ್ತಾರೆ. ಒಳ್ಳೆಯದೇ. ಆದರೆ "ಕೆಮ್ಮು ಇದೆಯಾ?" ಅಂತ ಎಷ್ಟು ಜನ ಕೇಳುತ್ತಾರೆ?

ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ? ಜ್ವರ? ತೂಕ ಇಳಿದಿದೆಯಾ? ರಾತ್ರಿ ಬೆವರುತ್ತೀರಾ? ಅರ್ಧ ನಿಮಿಷದ ಕೆಲಸ. ಶುಗರ್ ಇದ್ದವರಲ್ಲಿ ಟಿಬಿ ಹುಡುಕಿ, ಟಿಬಿ ಇದ್ದವರಲ್ಲಿ ಶುಗರ್ ನೋಡಿ ಅಂತ 2017ರಲ್ಲೇ ಕೇಂದ್ರ ಸರ್ಕಾರ ಕಾರ್ಯಕ್ರಮ ಮಾಡಿದೆ. ಕಾಗದದಲ್ಲಿ ಎಲ್ಲ ಚೆಂದ ಇದೆ.

ಇದರಲ್ಲಿ ನನಗೆ ಅತಿ ಸಿಟ್ಟು ಬರುವುದು ತೂಕದ ವಿಚಾರಕ್ಕೆ. ಶುಗರ್ ಇರುವ ಅಂಕಲ್ ಮೂರು ತಿಂಗಳಲ್ಲಿ ಸೊರಗಿದರು ಅಂದುಕೊಳ್ಳಿ. ನಾವೇನು ಹೇಳುತ್ತೇವೆ? "ವಾಕಿಂಗ್ ಕೆಲಸ ಮಾಡಿದೆ ಅಂಕಲ್, ಸೂಪರ್!" ಸುಸ್ತು ಅಂದರೆ "ಅದು ಶುಗರ್". ಬೆವರಿದರೆ "ಶುಗರ್ ಇಳಿದಿರಬೇಕು, ಒಂದು ಬಿಸ್ಕತ್ತು ತಿನ್ನಿ". ಕೆಮ್ಮಿದರೆ "ಈ ಬೆಂಗಳೂರು ಧೂಳು". ಎಲ್ಲದಕ್ಕೂ ನಮ್ಮ ಹತ್ತಿರ ಉತ್ತರ ರೆಡಿ. ಕಫ ಪರೀಕ್ಷೆ ಒಂದು ಬಿಟ್ಟು!

ಅಂದಹಾಗೆ, ಶುಗರ್ ಮಾಯ ಮಾಡುವ ಪುಡಿಯವರು ನಮ್ಮ ಚಾನೆಲ್ಲಿಗೆ ಜಾಹೀರಾತು ಕೊಡಲು ಬಂದಿದ್ದರು. ಬೇಡ ಅಂದೆ. ಹೀಗಾಗಿ ನನಗೆ ನಿಮ್ಮ ಸಬ್‌ಸ್ಕ್ರೈಬ್ ಬಟನ್ನೇ ಗತಿ. ಒತ್ತಿ.

"ಬಿಸಿಜಿ ಹಾಕಿಸಿದ್ದೇವೆ ಸಾರ್, ತೋಳಿನ ಮೇಲೆ ಕಲೆ ಇದೆ" ಅನ್ನುವವರು ಈಗ ಬರುತ್ತಾರೆ. ಕಲೆ ಇದೆ, ಸಂತೋಷ. ಆ ಲಸಿಕೆ ಪುಟ್ಟ ಮಕ್ಕಳನ್ನು ತೀವ್ರ ಟಿಬಿಯಿಂದ ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಗೆ ಅದನ್ನು ನಂಬಿ ಕೂರುವಂತಿಲ್ಲ. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಶುರುವಾದ ದೊಡ್ಡ ಪ್ರಯೋಗವೇ ಅದನ್ನು ತೋರಿಸಿಕೊಟ್ಟಿತು. ಐವತ್ತು ದಾಟಿ ಹೊಟ್ಟೆ ಬಂದ ಮೇಲೂ ತೊಟ್ಟಿಲಲ್ಲಿ ಚುಚ್ಚಿಸಿಕೊಂಡ ಸೂಜಿ ತೋರಿಸುತ್ತೀರಲ್ಲ, ನಗಬೇಕೋ ಅಳಬೇಕೋ?

ಈಗ ಉಲ್ಟಾ ನೋಡಿ. 2012ರಲ್ಲಿ ತಮಿಳುನಾಡಿನ ಟಿಬಿ ರೋಗಿಗಳನ್ನು ಪರೀಕ್ಷಿಸಿದಾಗ ನಾಲ್ಕರಲ್ಲಿ ಒಬ್ಬರಿಗೆ ಶುಗರ್ ಇತ್ತು. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆ ಕೆಲವು ಶುಗರ್ ಮಾತ್ರೆಗಳ ಶಕ್ತಿಯನ್ನೇ ಕುಗ್ಗಿಸುತ್ತದೆ. ಆಗ ಡೋಸ್ ಬದಲಿಸಬೇಕು, ಕೆಲವರಿಗೆ ಇನ್ಸುಲಿನ್ನೇ ಬೇಕಾಗುತ್ತದೆ. ಟಿಬಿಯದೇ ಇನ್ನೊಂದು ಮಾತ್ರೆ ಐಸೋನಿಯಾಜಿಡ್ ಕಾಲು ಜೋಮು ಹಿಡಿಸಬಹುದು, ಶುಗರ್ ಮೊದಲೇ ಜೋಮು ಹಿಡಿಸಿರುತ್ತದೆ. ಅದಕ್ಕೇ ಜೊತೆಗೆ ಬಿ6 ವಿಟಮಿನ್ ಕೊಡುತ್ತಾರೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಟಿಬಿ ಮರುಕಳಿಸುವುದೂ ಜಾಸ್ತಿ, ಸಾವೂ ಜಾಸ್ತಿ. ಹಾಗಾಗಿ ಇಬ್ಬರು ಡಾಕ್ಟರಿಗೂ ಎರಡೂ ಚೀಟಿ ತೋರಿಸಿ. ಶುಗರ್ ಡಾಕ್ಟರಿಗೆ ಟಿಬಿ ವಿಷಯ ಮುಚ್ಚಿಡುವವರು ಇದ್ದಾರೆ, ನಾಚಿಕೆ ಅಂತೆ. ಯಾರ ಮುಂದೆ ನಾಚಿಕೆ? ಡಾಕ್ಟರ್ ಮುಂದೆ!

"ಖರ್ಚು ಯಾರು ಕೊಡುತ್ತಾರೆ?" ಅಂತ ಇನ್ನೊಬ್ಬರು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಫ್ರೀ, ಆರು ತಿಂಗಳ ಮಾತ್ರೆ ಫ್ರೀ. ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ, 2024ರ ನವೆಂಬರಿಗೆ ಮುಂಚೆ 500 ಇತ್ತು. ಮತ್ತೇನು ಬೇಕು, ಕಾರು ಕಳಿಸಬೇಕಾ?

"ನೀವು ಡಾಕ್ಟರಾ?" ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲ. ಅದಕ್ಕೇ ಡಾಕ್ಟರ ಹತ್ತಿರ ಹೋಗಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದೇನೆ! ಶುಗರ್ ಇದೆಯಾ, ಎರಡು ವಾರದಿಂದ ಕೆಮ್ಮು ಇದೆಯಾ, ಕಫ ಕೊಡಿ. ಕೆಮ್ಮೇ ಇಲ್ಲದೆ ತೂಕ ಇಳಿಯುತ್ತಿದೆಯಾ, ಆಗಲೂ ಡಾಕ್ಟರಿಗೆ ಹೇಳಿ. ಹೆದರಿಸುತ್ತೀರಿ ಅಂತೀರಾ? ಹೌದು, ಹೆದರಿಸುತ್ತಿದ್ದೇನೆ. ಹೆದರಿ. ಹೆದರಿಕೊಂಡೇ ಹೋಗಿ ಕಫ ಕೊಡಿ.

ಆ ಕಮೆಂಟ್ ಹಾಕಿದವರೇ, ನಿಮ್ಮನ್ನು ಬ್ಲಾಕ್ ಮಾಡಿಲ್ಲ. ನಿಮ್ಮಿಂದಲೇ ಇವತ್ತಿನ ವಿಡಿಯೊ ನಡೆಯಿತು. ಮೆಂಬರ್‌ಶಿಪ್ ತಗೊಂಡರೆ ಇನ್ನೂ ಪ್ರೀತಿಯಿಂದ ಬೈಯುತ್ತೇನೆ. ಉಳಿದವರು ಒಂದು ಕೆಲಸ ಮಾಡಿ. ಕಳೆದ ಸಲ ಶುಗರ್ ಚೆಕಪ್‌ಗೆ ಹೋದಾಗ ಕೆಮ್ಮಿನ ಬಗ್ಗೆ ಯಾರಾದರೂ ಕೇಳಿದ್ದರೆ ಕೆಳಗೆ "ಕೇಳಿದರು" ಅಂತ ಹಾಕಿ. ಕೇಳಿಲ್ಲ ಅಂದರೆ "ಇಲ್ಲ" ಅನ್ನಿ. ಯಾವುದು ಜಾಸ್ತಿ ಬರುತ್ತೆ ಅಂತ ನೋಡೇಬಿಡೋಣ. ಸುಳ್ಳು ಹಾಕಬೇಡಿ ಮತ್ತೆ!