ನನ್ನ ಕೈ ಎಂಟೂವರೆಗೆ ಬರುತ್ತದೆ

ನಮಸ್ಕಾರ. ಮಬ್ಬಿನಲ್ಲಿ ಕಾಣುತ್ತಿರುವುದು ನನ್ನ ಕೈ. ಬೆಳಗಿನ ಆರೂ ಮುಕ್ಕಾಲು. ಮುಷ್ಟಿ ಕಟ್ಟಲು ಹೊರಟಿದ್ದೇನೆ, ಬೆರಳುಗಳು ಅರ್ಧ ದಾರಿಗೆ ಬಂದು ನಿಂತುಬಿಟ್ಟಿವೆ. ಹೋದ ವಿಡಿಯೋ ನೋಡಿದ ಒಬ್ಬರು, "ನೋಡುವುದಕ್ಕೆ ಚೆನ್ನಾಗಿಯೇ ಇದ್ದೀರಲ್ಲ" ಎಂದರು. ಅದನ್ನು ಚಿತ್ರೀಕರಿಸಿದ್ದು ಸಂಜೆ ನಾಲ್ಕಕ್ಕೆ. ಸಂಜೆ ನಾಲ್ಕಕ್ಕೆ ನಾನು ಚೆನ್ನಾಗಿಯೇ ಇರುತ್ತೇನೆ. ಬೆಳಿಗ್ಗೆ ಈ ಕೈ ನನಗೆ ಸಿಗುವುದು ಎಂಟೂವರೆಗೆ, ಮಳೆ ಹಿಡಿದಿದ್ದರೆ ಒಂಬತ್ತಕ್ಕೆ.

ಹೊಸದಾಗಿ ನೋಡುತ್ತಿರುವವರಿಗೆ ಒಂದು ಮಾತು. ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮಲ್ಲಿ ಸಂಧಿವಾತ ಎನ್ನುತ್ತಾರೆ. ವಯಸ್ಸಾಗಿ ಮಂಡಿ ಸವೆಯುವುದು ಬೇರೆ, ಇದು ಬೇರೆ. ಇದರಲ್ಲಿ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಎಂಬ ಕಾವಲುಗಾರನೇ ಕೀಲಿನ ಒಳಪೊರೆಯನ್ನು ಕಳ್ಳನೆಂದು ತಿಳಿದು ಬಡಿಯುತ್ತಾನೆ. ನನಗೆ 34 ವರ್ಷವಿದ್ದಾಗ ಶುರುವಾಯಿತು, ಈಗ 43. ಮೆಂತ್ಯ ನೆನೆಸಿ ತಿನ್ನಿ ಎಂದು ಹೇಳಲು ಹೊರಟವರು ದಯವಿಟ್ಟು ಬೇಡ. ತಿಂದಿದ್ದೇನೆ. ಮೆಂತ್ಯ ಚೆನ್ನಾಗಿತ್ತು, ಕೈ ಹಾಗೆಯೇ ಇತ್ತು.

ಬಿಸಿನೀರಿನ ಬೋಗುಣಿ, ಕೈ ಮುಳುಗಿಸುವುದು, ಉಪ್ಪಿಟ್ಟು. ಇದೆಲ್ಲ ಕಾಣುತ್ತಿದೆ, ಹೇಳುವುದೇನಿಲ್ಲ. ತರಕಾರಿ ನಿನ್ನೆ ಸಂಜೆಯೇ ಹೆಚ್ಚಿಟ್ಟದ್ದು. ಹಾಲಿನ ಪ್ಯಾಕೆಟ್ಟನ್ನೂ ಸಂಜೆಯೇ ಕತ್ತರಿಸಿ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಡುತ್ತೇನೆ. ಬೆಳಗಿನ ನಾನು ಸಂಜೆಯ ನನ್ನ ಕೈ ನೋಡಿಕೊಂಡೇ ಬದುಕಬೇಕು.

ಈಗ ನಲ್ಲಿ. ಹೌದು, ಆ ಹೊಳೆಯುವ ನಲ್ಲಿ. ಮೊದಲು ಅಲ್ಲಿ ಗುಂಡು ತಿರುಪಿನ ಹಳೆಯ ನಲ್ಲಿ ಇತ್ತು. ವಾಷರ್ ಸವೆದಿತ್ತು, ಬಿಗಿಯಾಗಿ ತಿರುಗಿಸದಿದ್ದರೆ ತೊಟ್ಟಿಕ್ಕುತ್ತಿತ್ತು. ಬಿಗಿಯಾಗಿ ತಿರುಗಿಸುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಬಲ್ಲೆ ನಾನು. ಎರಡು ತಿಂಗಳು ಬಕೆಟ್ ಇಟ್ಟು ಸಾಗಿಸಿದೆ. ಕೊನೆಗೆ ಅಂಗಡಿಗೆ ಹೋಗಿ, ಆಸ್ಪತ್ರೆಯಲ್ಲಿ ವೈದ್ಯರು ಮೊಣಕೈಯಿಂದ ತಳ್ಳುತ್ತಾರಲ್ಲ, ಅಂಥ ಉದ್ದ ಹಿಡಿಯ ನಲ್ಲಿ ಕೊಡಿ ಎಂದೆ. ಆತ ಮೊದಲು ತೋರಿಸಿದ್ದು ತಾವರೆ ಮೊಗ್ಗಿನ ಆಕಾರದ ತಿರುಪು, "ಇದು ಈಗ ಎಲ್ಲರೂ ತೆಗೆದುಕೊಳ್ಳುತ್ತಿದ್ದಾರೆ ಮೇಡಂ" ಎಂದು. ಎಲ್ಲರ ಕೈ ನೆಟ್ಟಗಿದೆ, ತೆಗೆದುಕೊಳ್ಳಲಿ. ಉದ್ದ ಹಿಡಿಯದಕ್ಕೆ 780 ರೂಪಾಯಿ.

ಪ್ಲಂಬರ್ "ಈಗ ಬಂದೆ ಮೇಡಂ" ಎಂದ ಮೂರನೆಯ ದಿನ ಬಂದ. ನಲ್ಲಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಹಳೆಯದಕ್ಕೇ ಒಂದು ವಾಷರ್ ಹಾಕಿದರೆ ಆಗುತ್ತಿತ್ತು. ಮನೆಯಲ್ಲಿ ಗಂಡಸರು ಯಾರೂ ಇಲ್ಲವಾ?" ಎಂದು ಕೇಳಿದ. ಇದ್ದಿದ್ದರೆ ಪ್ರತಿ ಸಲ ನಾನು ಕೈ ತೊಳೆಯುವಾಗಲೂ ಅವರು ಪಕ್ಕದಲ್ಲಿ ನಿಂತಿರಬೇಕಿತ್ತೇನಪ್ಪ ಎಂದೆ. ಅವನಿಗೆ ನಗು ಬರಲಿಲ್ಲ. ನಲ್ಲಿ ಕೂರಿಸಿ, ನೀರು ಬಿಟ್ಟು, 350 ರೂಪಾಯಿ ಇಸಿದುಕೊಂಡ. ಅವನು ಮೆಟ್ಟಿಲು ಇಳಿದ ಮೇಲೆ ನಾನು ಹಿಡಿ ತಳ್ಳಿ ನೋಡುತ್ತೇನೆ, ಅದು ಅರ್ಧ ತಿರುಗಿ ಗೋಡೆಗೆ ಠಪ್ಪನೆ ಬಡಿಯಿತು. ಇದೇ, ಈ ಸದ್ದು, ಕೇಳಿಸಿತೇ? ಹಿಡಿ ಹೊರಕ್ಕೆ ಬರಬೇಕಾದಲ್ಲಿ ಗೋಡೆಯ ಕಡೆಗೆ ಹೋಗುತ್ತದೆ. ಫೋನ್ ಮಾಡಿದರೆ, "ಅಷ್ಟು ನೀರು ಸಾಕಲ್ಲ ಮೇಡಂ!" ಆಮೇಲೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ. ಒಟ್ಟು 1,130 ರೂಪಾಯಿಗೆ ಅರ್ಧ ನಲ್ಲಿ. ಮೊದಲ ವಾರ ಪಾತ್ರೆ ತೊಳೆಯುವಾಗಲೆಲ್ಲ ಅವನನ್ನು ಬೈಯುತ್ತಿದ್ದೆ. ಈಗ ಮೂರು ವಾರವಾಯಿತು. ನಿಜ ಹೇಳಬೇಕೆಂದರೆ ಅರ್ಧ ನೀರೇ ಸಾಕು, ಸೀರೆಗೆ ಸಿಡಿಯುವುದಿಲ್ಲ. ಹಾಗೆಂದು ಅವನು ಮಾಡಿದ್ದು ಸರಿ ಎಂದಲ್ಲ. ಅವನು ಮಾಡಿದ್ದು ತಪ್ಪೇ.

ಅಲಾರಂ ಹೊಡೆಯಿತು. 20 ನಿಮಿಷ ನಿಂತು ಕೆಲಸ, 10 ನಿಮಿಷ ಕೂರುವುದು. ಕೆಲಸ ಅರ್ಧಕ್ಕೇ ನಿಂತರೂ ಕೂರಬೇಕು. ಈ ಚಕ್ರದ ಸ್ಟೂಲನ್ನು ದಂಡದ ಖರ್ಚು ಎಂದು ಹಳೆಯ ವಿಡಿಯೋ ಒಂದರಲ್ಲಿ ಹೇಳಿದ್ದೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ, ಅದರ ಮೇಲೆಯೇ ಕುಳಿತು.

ಹೀಗೆ ಅಳೆದು ಕೆಲಸ ಮಾಡಿ ನಡುನಡುವೆ ಕೂರುವುದಕ್ಕೆ ವೈದ್ಯರು ಪೇಸಿಂಗ್ ಎನ್ನುತ್ತಾರೆ. 2003ರಲ್ಲಿ ಅಮೆರಿಕದ ಕ್ರಿಸ್ಟಿನ್ ಮಿಸೆರಾಂಡಿನೊ ಎಂಬ ಲೂಪಸ್ ಎಂಬ, ನನ್ನದರಂಥದೇ ಕಾಯಿಲೆ ಇರುವ ಹೆಣ್ಣುಮಗಳು ಚಮಚದ ಲೆಕ್ಕದಲ್ಲಿ ಇದನ್ನು ವಿವರಿಸಿದ್ದಳು. ದಿನಕ್ಕೆ ಇಷ್ಟೇ ಚಮಚ ಶಕ್ತಿ, ಸ್ನಾನಕ್ಕೊಂದು, ಅಡುಗೆಗೊಂದು, ಹೀಗೆ. ಚೆನ್ನಾಗಿದೆ, ಆದರೆ ನನಗೆ ಹತ್ತುವುದು ಸಂಪಿನ ಲೆಕ್ಕ. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಬೆಳೆದವಳು ನಾನು. ಸಂಪು ತುಂಬಿದ ದಿನವೇ ಅಮ್ಮ ಹೆಚ್ಚು ಹುಷಾರಾಗಿರುತ್ತಿದ್ದರು. ತುಂಬಿದೆಯೆಂದು ನಾವು ಮಕ್ಕಳು ಬಕೆಟ್ ಬಕೆಟ್ ಸುರಿದುಕೊಳ್ಳುತ್ತಿದ್ದೆವಲ್ಲ, ಅದಕ್ಕೆ.

ನನ್ನ ಮೈಯೂ ಹಾಗೆಯೇ. ನೋವಿರುವ ದಿನ ಎಡವಟ್ಟು ಮಾಡಿಕೊಳ್ಳುವುದಿಲ್ಲ, ಕೈಲಾಗುವುದೇ ಇಲ್ಲವಲ್ಲ. ಎಡವಟ್ಟಾಗುವುದು ಒಳ್ಳೆಯ ದಿನ. ಹೋದ ಗೌರಿ ಹಬ್ಬದ ಹಿಂದಿನ ದಿನ ಎದ್ದರೆ ಬೆರಳೆಲ್ಲ ಮಡಿಸುತ್ತಿವೆ! ಪರದೆ ಒಗೆದೆ, ದೇವರಾಜ ಮಾರುಕಟ್ಟೆಗೆ ಹೋಗಿ ಹೂವು ತಂದೆ, ಸಾಲದ್ದಕ್ಕೆ ಕಣಕ ನಾದಿ ಹೋಳಿಗೆಗೆ ಕುಳಿತೆ. ಆರನೆಯ ಹೋಳಿಗೆಗೆ ಲಟ್ಟಣಿಗೆ ಕೈಯಿಂದ ಜಾರಿತು. ಹಬ್ಬದ ದಿನ ತಂಗಿ ಬಂದು ನನ್ನ ತಲೆ ಬಾಚಿದಳು. ನಾಲ್ಕು ದಿನ. ಒಂದು ದಿನದ ಜಂಬಕ್ಕೆ ನಾಲ್ಕು ದಿನ.

ಮಾತ್ರೆಯ ದೃಶ್ಯ ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಶನಿವಾರಗಳಿಗೆ ಮಾತ್ರ ಕೆಂಪು ಸುತ್ತು ಹಾಕಿದ್ದೇನೆ. ಆ ಕಾವಲುಗಾರನನ್ನು ತಣ್ಣಗಿಡುವ ಮಾತ್ರೆ, ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಆಗಾಗ ರಕ್ತಪರೀಕ್ಷೆ ಮಾಡಿಸಿ ಯಕೃತ್ತು ಸರಿಯಾಗಿದೆಯೇ ಎಂದು ನೋಡುತ್ತಿರಬೇಕು. ಭಾನುವಾರ ಹೊಟ್ಟೆ ತೊಳಸುತ್ತದೆ, ಆದ್ದರಿಂದ ಭಾನುವಾರದ ಮದುವೆಗಳಿಗೆ ನಾನು ಇಲ್ಲ. ನೆಂಟರಿಗೆ ಸಿಟ್ಟು. ಶುಕ್ರವಾರ ಮದುವೆ ಇಟ್ಟುಕೊಳ್ಳಿ, ಬರುತ್ತೇನೆ.

ಮೆಟ್ಟಿಲು. ಒಟ್ಟು 17. ಒಂದು ಕಾಲದಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ನಂದಿಯ ಹತ್ತಿರ ಐದು ನಿಮಿಷ ನಿಂತರೆ ಹೆಚ್ಚು ಎನ್ನುತ್ತಿದ್ದವಳು. ಆಗ ಯಾವ ಮೆಟ್ಟಿಲನ್ನೂ ಎಣಿಸಿರಲಿಲ್ಲ. ಬಿಡಿ, ಬಸ್ ಬಂತು.

ಬಸ್ಸಿನ ವಿಷಯ ಹೇಳಲೇಬೇಕು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ, ಇದೆಲ್ಲ ಚುನಾವಣೆಯ ಗಿಮಿಕ್ಕು ಎಂದಿದ್ದೆ. ಆಮೇಲೆ ಗೊತ್ತಾಯಿತು, ನನಗೆ ಅದರಿಂದ ಸಿಕ್ಕಿದ್ದು ದುಡ್ಡಿಗಿಂತ ಹೆಚ್ಚಾಗಿ ನಡುವೆ ಇಳಿಯುವ ಧೈರ್ಯ. ಮೊದಲು ಟಿಕೆಟ್ ತೆಗೆದುಕೊಂಡ ಮೇಲೆ ಸೀಟು ಸಿಗದಿದ್ದರೂ ಕಂಬ ಹಿಡಿದು ನೇತಾಡಿಕೊಂಡು ಕೊನೆಯವರೆಗೆ ಹೋಗುತ್ತಿದ್ದೆ. ಈಗ ಮಣಿಕಟ್ಟು ನೋಯಲು ಶುರುವಾದರೆ ಇಳಿದುಬಿಡುತ್ತೇನೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಮುಂದಿನ ಬಸ್ಸಿಗೆ ಮತ್ತೆ ಶೂನ್ಯದ ಟಿಕೆಟ್. ಕುವೆಂಪುನಗರದಿಂದ ನಗರ ಬಸ್ ನಿಲ್ದಾಣಕ್ಕೆ ಎರಡು ಕಂತಿನಲ್ಲಿ ಹೋಗುವ ಹೆಂಗಸು ನಾನೊಬ್ಬಳೇ ಇರಬಹುದು. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಈಗಲೂ ನನ್ನ ಮಂಡಿಯೆತ್ತರ. ಅದಕ್ಕೆ ಯಾವ ಯೋಜನೆಯೂ ಬಂದಿಲ್ಲ.

ಮನೆಗೆ ವಾಪಸು. ಇವರು ಕೆಳಗಿನ ಮನೆಯ ಅಜ್ಜಿ, ಮುಖ ತೋರಿಸಬೇಡ ಎಂದದ್ದರಿಂದ ಕೈ ಮತ್ತು ತುರಿಮಣೆ ಮಾತ್ರ. ನಾಲ್ಕು ವರ್ಷ ಇವರು "ಕಾಯಿ ತುರಿದುಕೊಡಲೇನಮ್ಮ?" ಎಂದು ಕೇಳುತ್ತಿದ್ದರು, ನಾಲ್ಕು ವರ್ಷ ನಾನು ಬೇಡ ಅಜ್ಜಿ ಎನ್ನುತ್ತಿದ್ದೆ. ಒಬ್ಬಳೇ ಇರುತ್ತೇನೆ ಎಂದ ಮೇಲೆ ಕಾಯಿಯನ್ನೂ ನಾನೇ ತುರಿಯಬೇಕು ಎಂಬ ಹಟ. ಒಂದು ದಿನ ಅವರೇ ಮೊಬೈಲ್ ಹಿಡಿದುಕೊಂಡು ಮೇಲೆ ಬಂದರು, ಗ್ಯಾಸ್ ಬುಕ್ ಮಾಡಲು ಗೊತ್ತಾಗುತ್ತಿಲ್ಲ ಎಂದು. ಮಾಡಿಕೊಟ್ಟೆ. ಮರುದಿನ ಬಟ್ಟಲು ತುಂಬ ತುರಿ ಬಂತು. ಅಲ್ಲಿಂದ ಹೀಗೆಯೇ. ಅವರ ಗ್ಯಾಸು, ಕರೆಂಟ್ ಬಿಲ್ಲು, ಮಗನ ವಿಡಿಯೋ ಕರೆ ನನ್ನದು, ಬುಧವಾರದ ಕಾಯಿ ಅವರದು. ತೆಂಗಿನಕಾಯಿಯ ಈಗಿನ ಬೆಲೆಗೆ ಅಜ್ಜಿ ಚಿಪ್ಪಿನ ಕಂದು ಕೂಡ ಬಿಡದೆ ತುರಿಯುತ್ತಾರೆ. ಚಟ್ನಿ ಸ್ವಲ್ಪ ಕಪ್ಪಗಾಗುತ್ತದೆ. ನಾನು ಏನೂ ಹೇಳುವುದಿಲ್ಲ.

ಸಂಜೆಯಾಯಿತು, ಬೆಳಕು ಹೋಗುತ್ತಿದೆ, ಬೇಗ ಮುಗಿಸುತ್ತೇನೆ. ನಾಳೆಗೆ ಹುರುಳಿಕಾಯಿ ಹೆಚ್ಚುತ್ತಿದ್ದೇನೆ. ದಪ್ಪ ಹಿಡಿಯ ಚಾಕು, ಹಿಡಿಗೆ ಸುತ್ತಿರುವುದು ಹಳೆಯ ಸೈಕಲ್ ಟ್ಯೂಬು. ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ, ಪಂಕ್ಚರ್ ಅಂಗಡಿಯಲ್ಲಿ ಸುಮ್ಮನೆ ಕೊಟ್ಟರು.

ಅಲಾರಂ ಹೊಡೆಯಿತು. ಇನ್ನೂ ನಾಲ್ಕು ಕಾಯಿ ಉಳಿದಿವೆ. ಹೌದು, ಕಾಣಿಸುತ್ತಿದೆ, ನಾಲ್ಕೇ ನಾಲ್ಕು, ಅರ್ಧ ನಿಮಿಷದ ಕೆಲಸ. ಇರಲಿ ಬಿಡಿ. ಕ್ಯಾಮೆರಾ ನಿಲ್ಲಿಸಲು ಅಲ್ಲಿಯವರೆಗೆ ಎದ್ದು ಬರಬೇಕಲ್ಲ.