ಕಾಲು ಊರುವ ಭಯ: ಎಸಿಎಲ್ ಶಸ್ತ್ರಚಿಕಿತ್ಸೆಗೆ ಮುಂಚಿನ ತಯಾರಿ

ಉಡುಪಿಯ ಕಬಡ್ಡಿ, ವಾಲಿಬಾಲ್ ಆಟಗಾರರಿಗೆ, ಯಕ್ಷಗಾನ ಕಲಾವಿದರಿಗೆ, ಜೊತೆಗೆ ಬಂದಿರುವ ಮನೆಯವರಿಗೆ ನಮಸ್ಕಾರ.

ಎಸಿಎಲ್ ಎಂದರೆ ಮೊಣಕಾಲಿನ ಒಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಪಟ್ಟಿ. ಅದು ಬಹುಪಾಲು ಹರಿಯುವುದು ಯಾರೂ ತಳ್ಳದೆ. ರೈಡರ್ ಥಟ್ಟನೆ ತಿರುಗುವಾಗ, ಬ್ಲಾಕಿಗೆ ಹಾರಿ ಇಳಿಯುವಾಗ, ಪಾದ ನೆಲದಲ್ಲೇ ಕಚ್ಚಿಕೊಂಡು ಮೊಣಕಾಲು ಮಾತ್ರ ತಿರುಚಿದಾಗ ಹರಿಯುತ್ತದೆ. ಬೇರೆಯವರು ಬಿದ್ದು ಆದ ಗಾಯಕ್ಕೆ ಬೇರೆಯವರನ್ನು ದೂರಬಹುದು. ಇಲ್ಲಿ ಹೋಗುವುದು ಸ್ವಂತ ಕಾಲಿನ ಮೇಲಿನ ನಂಬಿಕೆ. ಚಲನೆಯ ಭಯ ಹುಟ್ಟುವುದು ಅಲ್ಲಿಂದ. ಅದನ್ನು ಪುಕ್ಕಲುತನ ಎನ್ನುವವರ ಮಾತು ಕೇಳಬೇಡಿ.

ಭಯಕ್ಕೆ ದೇಹವೂ ಸಾಕ್ಷಿ ಹೇಳುತ್ತದೆ. ಮೊಣಕಾಲಲ್ಲಿ ನೀರು ತುಂಬಿದರೆ ತೊಡೆಯ ಮುಂಭಾಗದ ಸ್ನಾಯುವಿಗೆ ನರಗಳೇ ತಡೆ ಹಾಕುತ್ತವೆ. ಕಾಲು ಮಾತು ಕೇಳುವುದಿಲ್ಲ. ಹೆದರಿ ದಿಂಬಿನ ಮೇಲೆ ಮಡಚಿ ಇಟ್ಟರೆ ಸ್ನಾಯು ಸೊರಗುತ್ತದೆ, ಕಾಲು ಪೂರ್ತಿ ನೆಟ್ಟಗಾಗುವುದಿಲ್ಲ, ಎದ್ದಾಗ ಮತ್ತೆ ಜಾರುತ್ತದೆ. ಹೊಸ ಗಾಯಕ್ಕೆ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದರೆ ಊತ ಹೆಚ್ಚುತ್ತದೆ, ದಯವಿಟ್ಟು ಬೇಡ.

ಹಾಗಾಗಿ ಶಸ್ತ್ರಚಿಕಿತ್ಸೆಗೆ ಮೊದಲಿನ ವಾರಗಳೇ ಅಮೂಲ್ಯ. ಊತ ಇಳಿಯಬೇಕು, ಇನ್ನೊಂದು ಕಾಲಿನಷ್ಟೇ ನೆಟ್ಟಗಾಗಬೇಕು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲಿನ ಅಡಿ ಖಾಲಿ ಬಿಟ್ಟು, ದಿನಕ್ಕೆ ಮೂರು ಬಾರಿ 10 ನಿಮಿಷ ಕೂರಿ. ತೊಡೆಯನ್ನು 5 ಸೆಕೆಂಡು ಬಿಗಿಹಿಡಿದು ಬಿಡಿ, 10 ಸಲ. ಮೊಣಕಾಲು ಬಾಗದಂತೆ ಕಾಲೆತ್ತಲು ಬಂದ ದಿನ ಮನಸ್ಸಿಗೂ ಒಂದು ಆಧಾರ ಸಿಗುತ್ತದೆ.

ಭಯವನ್ನೂ ಅಳೆಯಬಹುದು. ಚಲನೆಯ ಭಯ ಅಳೆಯುವ ಪ್ರಶ್ನಾವಳಿಯಾದ ಟ್ಯಾಂಪಾ ಮಾಪಕದಲ್ಲಿ 17 ವಾಕ್ಯಗಳಿವೆ, ಅಂಕ 17ರಿಂದ 68. ಸಾಮಾನ್ಯವಾಗಿ 37 ದಾಟಿದರೆ ಭಯ ಹೆಚ್ಚು ಎಂದು ಲೆಕ್ಕ. ಆಮೇಲೆ ನಿಮ್ಮದೇ ಪಟ್ಟಿ ಬರೆಯಿರಿ: ಒದ್ದೆ ಅಂಗಳ ದಾಟುವುದು, ಬಸ್ಸಿನ ಎತ್ತರದ ಮೆಟ್ಟಿಲು, ಒಂಟಿ ಕಾಲಲ್ಲಿ ನಿಲ್ಲುವುದು, ಮಂಡಿ ಹಾಕುವುದು. ಒಂದೊಂದಕ್ಕೂ ಹತ್ತರಲ್ಲಿ ಎಷ್ಟು ಭಯ ಎಂದು ಅಂಕ ಕೊಡಿ. ಫಿಸಿಯೋಥೆರಪಿಸ್ಟ್ ಒಪ್ಪಿದ್ದರಲ್ಲಿ 3 ಅಂಕದ್ದನ್ನು ಮೊದಲು ಎತ್ತಿಕೊಳ್ಳಿ. ಭಯ 1ಕ್ಕೆ ಇಳಿಯುವ ತನಕ ಮೇಲಿನದು ಬೇಡ. ಅಭ್ಯಾಸದ ನೋವು ಹತ್ತರಲ್ಲಿ 3ರೊಳಗಿದ್ದು ಮರುದಿನ ಬೆಳಿಗ್ಗೆ ಊತ ಏರದಿದ್ದರೆ ಹೆದರಬೇಕಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಏನಾಗುತ್ತದೆಂದು ಮೊದಲೇ ತಿಳಿದಿರಲಿ. ಬೆನ್ನಿಗೆ ಅರಿವಳಿಕೆ ಕೊಟ್ಟರೆ ಕೆಲವು ಗಂಟೆ ಕಾಲು ಇದ್ದಂತೆಯೇ ಅನಿಸುವುದಿಲ್ಲ. ತೊಡೆಯ ನರಕ್ಕೆ ಮದ್ದು ಹಾಕಿದ್ದರೆ ಕಾಲೆತ್ತಲಾಗದು. ಕಸಿ, ಅಂದರೆ ಹರಿದ ಎಸಿಎಲ್ ಬದಲಿಗೆ ಕೂರಿಸಿದ ಪಟ್ಟಿ, ಕೆಟ್ಟಿತೆಂದು ಅರ್ಥವಲ್ಲ. ಹೊಲಿಗೆಯ ಬದಿಯ ಚರ್ಮ ಜೋಮು ಹಿಡಿದಂತಿರುವುದೂ ಸಾಮಾನ್ಯ. ಆದರೆ ಮೀನಖಂಡ ಬಿಗಿದು ಊದಿದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಭಯ ನೋವಿನ ಬೆನ್ನು ಹಿಡಿಯುತ್ತದೆ, ಅಪಾಯ ಹಾಗಲ್ಲ. ಕಸಿ ಅತ್ಯಂತ ದುರ್ಬಲವಾಗಿರುವುದು ಶಸ್ತ್ರಚಿಕಿತ್ಸೆಯ ನಂತರ ಸುಮಾರು 6ರಿಂದ 12ನೇ ವಾರದಲ್ಲಿ, ಅಂದರೆ ನೋವು ಇಳಿದು ಧೈರ್ಯ ಬಂದ ಹೊತ್ತಲ್ಲಿ. ಮೊದಲ ವಾರ ಹೆಜ್ಜೆಯಿಡಲು ಅಂಜಿದವರೇ ಮೂರನೇ ತಿಂಗಳಲ್ಲಿ ಮೈದಾನಕ್ಕೆ ಇಳಿಯುವುದುಂಟು. 9 ತಿಂಗಳಿಗೆ ಮೊದಲು ಥಟ್ಟನೆ ತಿರುಗಬೇಕಾದ ಆಟ ಬೇಡ. ಎಸಿಎಲ್ ಶಸ್ತ್ರಚಿಕಿತ್ಸೆಯಾದವರ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ದೊಡ್ಡ ವಿಮರ್ಶೆಯೊಂದರಲ್ಲಿ ನೂರಕ್ಕೆ 81 ಮಂದಿ ಏನಾದರೊಂದು ಆಟಕ್ಕೆ ಮರಳಿದರು, ಹಳೆಯ ಮಟ್ಟಕ್ಕೆ 65. ಹಿಂದುಳಿಯಲು ಭಯವೂ ಒಂದು ಕಾರಣ.

ಮನೆಯವರೇ, ‘ಜಾಗ್ರತೆ, ಕಾಲು ಊರಬೇಡ’ ಎಂದು ದಿನವಿಡೀ ಹೇಳಬೇಡಿ. ಎಷ್ಟು ಭಾರ ಹಾಕಬಹುದೆಂದು ಡಾಕ್ಟರನ್ನೇ ಕೇಳಿ. ಮಿನಿಸ್ಕಸ್, ಅಂದರೆ ಮೊಣಕಾಲಿನ ಒಳಗಿನ ಮೆತ್ತೆ, ಹೊಲಿದಿದ್ದರೆ ಲೆಕ್ಕವೇ ಬೇರೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ನೋವಿನ ಕಾಲು ಮೊದಲು. ಈ ವೇದಿಕೆಗೆ ಮೂರು ಮೆಟ್ಟಿಲಿವೆ, ಊರುಗೋಲುಗಳನ್ನೂ ತಂದಿದ್ದೇವೆ. ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾದವರು ಮೊದಲು ಬನ್ನಿ.