ದನಿಯಲ್ಲಿ ಬರುವ ಚಿತ್ರ

ಕೇಳುಗರೇ, ನಮಸ್ಕಾರ. ರಿಸೀವರನ್ನು 14.230 ಮೆಗಾಹರ್ಟ್ಸ್‌ಗೆ, ಅಪ್ಪರ್ ಸೈಡ್‌ಬ್ಯಾಂಡ್ ಎಂಬ ಪ್ರಸಾರ ವಿಧಾನಕ್ಕೆ ಇಟ್ಟು ಕಾದರೆ ಆಗಾಗ ಗರಗರನೆ ಏರಿಳಿಯುವ ಸದ್ದೊಂದು ಕೇಳಿಸುತ್ತದೆ. ಯಾರೋ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊಗಾರ, ಕಳಿಸುತ್ತಿರುವ ಚಿತ್ರ ಅದು. ಸ್ಲೋ ಸ್ಕ್ಯಾನ್ ಟಿವಿ, ಹವ್ಯಾಸಿಗಳ ಬಾಯಲ್ಲಿ ಎಸ್‌ಎಸ್‌ಟಿವಿ, ಚಿತ್ರವನ್ನು ಗೆರೆಗೆರೆಯಾಗಿ ದನಿಗೆ ಇಳಿಸುತ್ತದೆ. 1500 ಹರ್ಟ್ಸ್ ಅಂದರೆ ಕಪ್ಪು, 2300 ಅಂದರೆ ಬಿಳುಪು, ನಡುವಿನ ಸ್ವರಗಳೆಲ್ಲ ನಡುವಿನ ಛಾಯೆಗಳು. ಪ್ರತಿ ಗೆರೆಗೂ 1200 ಹರ್ಟ್ಸ್‌ನ ಸಿಂಕ್ ಮಿಡಿತ, ಗೆರೆಯ ಆರಂಭ ತಿಳಿಸುವ ಗುರುತು ಅದು. ಮಾರ್ಟಿನ್ 1 ಎಂಬ ಮೋಡಿನಲ್ಲಿ, ಅಂದರೆ ಚಿತ್ರ ಕಳಿಸುವ ಒಂದು ಕ್ರಮದಲ್ಲಿ, ಹಸಿರು, ನೀಲಿ, ಕೆಂಪು ಒಂದರ ಹಿಂದೊಂದು ಸಾಗಿ, 256 ಗೆರೆ ಮುಗಿಯಲು 114 ಸೆಕೆಂಡು ಬೇಕು.

ಮೊದಲು ಬರೀ ಕೇಳಿ. ಸ್ಪೀಕರಿನ ಪಕ್ಕ ಫೋನಿಟ್ಟು ರೋಬೋಟ್36 ಆ್ಯಪ್ ತೆರೆದರೂ ಚಿತ್ರ ಮೂಡುತ್ತದೆ. ಕಂಪ್ಯೂಟರಿಗಾದರೆ ಎಂಎಂಎಸ್‌ಎಸ್‌ಟಿವಿ ಸಾಫ್ಟ್‌ವೇರ್ ಇದೆ. ರೇಡಿಯೊದ ನಾಯ್ಸ್ ರಿಡಕ್ಷನ್ ಆಫ್ ಮಾಡಿಡಿ. ಅದು ಚಿತ್ರದ ಸ್ವರವನ್ನೇ ಗದ್ದಲವೆಂದು ತಿಳಿದು ಕತ್ತರಿಸುತ್ತದೆ.

ಬಂದ ಚಿತ್ರ ಓರೆಯಾಗಿದ್ದರೆ ಆಂಟೆನಾ ಮುಟ್ಟಬೇಡಿ, ತಪ್ಪು ಸೌಂಡ್ ಕಾರ್ಡಿನ ಗಡಿಯಾರದ್ದು. ಹತ್ತು ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೂ 114 ಸೆಕೆಂಡಿನಲ್ಲಿ ಅದು ಹನ್ನೊಂದು ಮಿಲಿಸೆಕೆಂಡು ದಾಟುತ್ತದೆ. ಮಾರ್ಟಿನ್ 1ರಲ್ಲಿ ಒಂದು ಪಿಕ್ಸೆಲಿಗೆ ಸಿಗುವುದು ಅರ್ಧ ಮಿಲಿಸೆಕೆಂಡಿಗೂ ಕಡಿಮೆ, ಹಾಗಾಗಿ ಕೊನೆಯ ಗೆರೆ ಸುಮಾರು 25 ಪಿಕ್ಸೆಲ್ ಸರಿದಿರುತ್ತದೆ. ಸಾಫ್ಟ್‌ವೇರಿನ ಸ್ಲ್ಯಾಂಟ್ ಹೊಂದಾಣಿಕೆಯನ್ನು ಒಮ್ಮೆ ಸರಿಯಾಗಿ ಮಾಡಿದರೆ ಸಾಕು.

ಕಳಿಸಲು ಪರವಾನಗಿ ಬೇಕು, ತಾಳ್ಮೆಯೂ ಬೇಕು. ಕಂಪ್ಯೂಟರು ಮತ್ತು ರೇಡಿಯೊ ನಡುವೆ 600 ಓಮ್‌ನ ಒಂದಕ್ಕೊಂದು ಅನುಪಾತದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಗ್ರೌಂಡ್ ಲೂಪಿನ (ಎರಡು ಉಪಕರಣಗಳ ಅರ್ತಿಂಗ್ ನಡುವೆ ಹರಿಯುವ ವಿದ್ಯುತ್ತಿನ) ಗುಂಯ್‌ಗುಡುವಿಕೆ ಚಿತ್ರದ ಮೇಲೆ ಪಟ್ಟೆಯಾಗಿ ಬೀಳುವುದು ತಪ್ಪುತ್ತದೆ. ಆಡಿಯೊ ಮಟ್ಟವನ್ನು ಎಎಲ್‌ಸಿ (ದನಿ ಅತಿಯಾದರೆ ತಾನೇ ತಗ್ಗಿಸುವ ವ್ಯವಸ್ಥೆ) ಮೀಟರಿನ ಮುಳ್ಳು ಅಲುಗದಷ್ಟಕ್ಕೆ ಇಳಿಸಿ. ಹೆಚ್ಚಿಸಿದರೆ ಚಿತ್ರ ಹೊಳೆಯುವುದಿಲ್ಲ, ಅಕ್ಕಪಕ್ಕದ ಫ್ರೀಕ್ವೆನ್ಸಿ ಕೆಡುತ್ತದೆ, ಅಷ್ಟೇ. ಮಾತಿನಲ್ಲಿರುವ ಬಿಡುವು ಇಲ್ಲಿಲ್ಲ. ಸುಮಾರು ಎರಡು ನಿಮಿಷ ಪೂರ್ಣ ಹೊರೆ ಇರುವುದರಿಂದ ಪವರ್ ಅರ್ಧಕ್ಕಿಳಿಸಿ. ಕಂಪ್ಯೂಟರಿನ ಸೂಚನಾ ಸದ್ದುಗಳನ್ನು ಮುಚ್ಚಿ, ಇಲ್ಲವಾದರೆ ಅವೂ ಪ್ರಸಾರವಾಗುತ್ತವೆ. ಚಿತ್ರದ ಮೇಲೆ ಕಾಲ್‌ಸೈನ್, ಅಂದರೆ ನಿಮ್ಮ ಪರವಾನಗಿಯ ಗುರುತು, ದಪ್ಪಕ್ಷರದಲ್ಲಿರಲಿ. ಸಣ್ಣಕ್ಷರ ಗದ್ದಲದಲ್ಲಿ ಕರಗಿಹೋಗುತ್ತದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಆಗೊಮ್ಮೆ ಈಗೊಮ್ಮೆ 145.800 ಮೆಗಾಹರ್ಟ್ಸ್ ಎಫ್‌ಎಂನಲ್ಲಿ ಚಿತ್ರ ಬಿತ್ತರಿಸುತ್ತದೆ, ಹೆಚ್ಚಾಗಿ ಪಿಡಿ120 ಮೋಡಿನಲ್ಲಿ. ಕೈರೇಡಿಯೊ ಸಾಕು. ಸಂಕೇತವಿಲ್ಲದಾಗ ದನಿ ಮುಚ್ಚುವ ಸ್ಕ್ವೆಲ್ಚನ್ನು ಪೂರ್ತಿ ತೆರೆದಿಡಿ: ಸಂಕೇತ ಕ್ಷಣಕಾಲ ಕುಗ್ಗಿದಾಗ ಸ್ಕ್ವೆಲ್ಚ್ ಮುಚ್ಚಿಕೊಂಡರೆ ಆ ಗೆರೆಗಳು ಪೂರ್ತಿ ಹೋದಂತೆಯೇ. ಆಂಟೆನಾವನ್ನು ನೆಟ್ಟಗೆ ಹಿಡಿದು ನಿಲ್ಲಬೇಡಿ, ವಾಲಿಸಿ ತಿರುಗಿಸುತ್ತ ಗದ್ದಲ ಕಡಿಮೆಯಾಗುವ ಕೋನವನ್ನು ಹುಡುಕುತ್ತಿರಿ.